ಮನೆಯಲ್ಲಿ ಗಿಟಾರ್ ರೆಕಾರ್ಡಿಂಗ್: ಯಾವ ಆಂಪ್ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವುದು?

ಕುಂಬಳೆ ಆರುತಂತಿ:
ಎಲ್ಲರಿಗೂ ನಮಸ್ಕಾರ. ನಾನು, ತಂಗಿ, ಇಬ್ಬರು ಗೆಳೆಯರು ಸೇರಿ ಕನ್ನಡದಲ್ಲೇ ಸ್ವಂತ ಹಾಡು ಮಾಡುತ್ತಿದ್ದೇವೆ. ಹಾಡುವುದು ತಂಗಿ, ಗಿಟಾರ್ ನನ್ನದು. ಎರಡು ಹಾಡಿಗೆ ಮೆದುವಾದ ಕ್ಲೀನ್ ಟೋನ್, ಅಂದರೆ ಒಡೆಯದ ಸ್ವರ ಬೇಕು. ಇನ್ನೊಂದಕ್ಕೆ ಮಾರ್ಷಲ್ ಆಂಪಿನ ತರಹದ ಕ್ರಂಚ್, ಅಂದರೆ ಸ್ವಲ್ಪ ಒಡೆದ ಗಡಸು ಸ್ವರ ಬೇಕು, ಅದರಲ್ಲಿ ಚೆಂಡೆಯೂ ಉಂಟು. ಆಂಪ್ ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡುವ ಹಾಗಿಲ್ಲ. ನಮ್ಮದು ತಗಡಿನ ಶೀಟಿನ ಮನೆ. ಜೂನ್‌ನಲ್ಲಿ ಮಳೆ ಹಿಡಿದರೆ ಎದುರು ಕೂತವರ ಮಾತೇ ಕೇಳುವುದಿಲ್ಲ. ಮಳೆ ಬಿಟ್ಟಾಗ ಜೋರಾಗಿ ನುಡಿಸೋಣ ಅಂದರೆ ಪಕ್ಕದ ಮನೆಯಲ್ಲಿ ಸಣ್ಣ ಮಗು ಉಂಟು. ಹಾಗಾಗಿ ಹೆಡ್‌ಫೋನ್, ಲ್ಯಾಪ್‌ಟಾಪ್, ಆಂಪಿನ ಕೆಲಸ ಮಾಡುವ ಪ್ಲಗಿನ್ ಸಾಫ್ಟ್‌ವೇರ್. ಇದೇ ದಾರಿ.

ಲ್ಯಾಪ್‌ಟಾಪ್ ಹಳೆಯ ಐ5, 8 ಜಿಬಿ ರ್‍ಯಾಮ್, ವಿಂಡೋಸ್. ಗಿಟಾರ್ ಸ್ಟ್ರಾಟ್ ನಮೂನೆಯದು, ಸಿಂಗಲ್ ಕಾಯಿಲ್ ಪಿಕಪ್. ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸಲು ಎರಡು ಇನ್‌ಪುಟ್ ಇರುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ ಇದೆ. ರೆಕಾರ್ಡಿಂಗಿಗೆ ರೀಪರ್ ಸಾಫ್ಟ್‌ವೇರ್ ಬಳಸುತ್ತೇನೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್, ನ್ಯೂರಲ್ ಡಿಎಸ್‌ಪಿ, ಹೀಲಿಕ್ಸ್ ನೇಟಿವ್, ಟೋನೆಕ್ಸ್, ನ್ಯೂರಲ್ ಆಂಪ್ ಮಾಡೆಲರ್. ಯೂಟ್ಯೂಬಿನಲ್ಲಿ ಎಲ್ಲವೂ ಚಂದವೇ ಕೇಳುತ್ತದೆ. ಬಳಸಿ ನೋಡಿದವರು ಹೇಳಿ, ಯಾವುದು ತೆಗೆದುಕೊಳ್ಳಲಿ?

ಉಪ್ಪಳ ಮಿಕ್ಸಿಂಗ್:
ಒಳ್ಳೆ ಕೆಲಸ ಮಾಡುತ್ತಿದ್ದೀರಿ. ಹೆಸರುಗಳ ಪಟ್ಟಿ ನೋಡಿ ತಲೆಬಿಸಿ ಮಾಡಬೇಡಿ. ಇವೆಲ್ಲ ಒಳಗಿನಿಂದ ಎರಡೇ ಜಾತಿ.

ಒಂದು, ಆಂಪಿನ ಸರ್ಕೀಟನ್ನೇ ಲೆಕ್ಕದಲ್ಲಿ ಕಟ್ಟುವುದು. ಟ್ಯೂಬ್, ಟೋನ್ ಕಂಟ್ರೋಲ್, ಪವರ್ ಸಪ್ಲೈ, ಒಂದೊಂದೂ ಹೇಗೆ ನಡೆದುಕೊಳ್ಳುತ್ತದೆ ಅಂತ ಬರೆದಿರುತ್ತಾರೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್, ಹೀಲಿಕ್ಸ್ ನೇಟಿವ್ ಹೆಚ್ಚಾಗಿ ಈ ದಾರಿಯವು. ಲೈನ್ 6 ಕಂಪನಿಯ ಪಾಡ್ ಅನ್ನುವ ಇಂಥದ್ದೇ ಪೆಟ್ಟಿಗೆ 1998ರಲ್ಲೇ ಬಂತು. ಆಂಪ್ಲಿಟ್ಯೂಬ್ 2002ರಲ್ಲಿ, ಗಿಟಾರ್ ರಿಗ್ 2004ರಲ್ಲಿ. ಇವುಗಳಲ್ಲಿ ಗೇನ್, ಅಂದರೆ ಸ್ವರ ಎಷ್ಟು ಒಡೆಯಬೇಕು ಅನ್ನುವ ನಾಬ್, ತಿರುಗಿಸಿದರೆ ನಿಜವಾದ ಆಂಪಿನಲ್ಲಿ ಆಗುವ ಹಾಗೆ ಸ್ವಭಾವವೇ ಬದಲಾಗುತ್ತದೆ.

ಇನ್ನೊಂದು, ಕ್ಯಾಪ್ಚರ್. ನಿಜವಾದ ಆಂಪಿಗೆ ಒಂದು ಟೆಸ್ಟ್ ಸಿಗ್ನಲ್ ಕಳಿಸುತ್ತಾರೆ, ಹೊರಗೆ ಬಂದದ್ದನ್ನು ರೆಕಾರ್ಡ್ ಮಾಡುತ್ತಾರೆ, ಎರಡನ್ನೂ ನ್ಯೂರಲ್ ನೆಟ್‌ವರ್ಕಿಗೆ ಕಲಿಸುತ್ತಾರೆ. ಒಳಗೆ ಎಂತ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಇಷ್ಟು ಹೋದರೆ ಇಷ್ಟು ಬರಬೇಕು ಅಂತ ಮಾತ್ರ ಗೊತ್ತು. 2022ರಲ್ಲಿ ಬಂದ ಟೋನೆಕ್ಸ್ ಹೀಗೆ, ನ್ಯೂರಲ್ ಆಂಪ್ ಮಾಡೆಲರ್ ಅಂದರೆ ನ್ಯಾಮ್ ಕೂಡ ಹೀಗೆ. ತೊಂದರೆ ಏನೆಂದರೆ ಸಾಮಾನ್ಯವಾಗಿ ಒಂದು ಕ್ಯಾಪ್ಚರ್ ಅಂದರೆ ನಾಬ್‌ಗಳ ಒಂದೇ ಸ್ಥಿತಿ. ಗೇನ್ 4ರಲ್ಲಿ ಇಟ್ಟು ತೆಗೆದದ್ದು 4ರದ್ದೇ. 7 ಬೇಕಾದರೆ ಬೇರೆ ಫೈಲ್ ಹುಡುಕಬೇಕು. ಆದರೆ ಆ ಒಂದು ಸ್ಥಿತಿಯಲ್ಲಿ ನಿಜವಾದ ಆಂಪಿಗೆ ತುಂಬಾ ಹತ್ತಿರ ಹೋಗುತ್ತದೆ.

ಕ್ಲೀನ್ ಟೋನಿಗೆ ನಿಮಗೆ ನ್ಯಾಮ್ ಸಾಕು ಅಂತ ನನ್ನ ಲೆಕ್ಕ. ಪುಕ್ಕಟೆ, ಓಪನ್ ಸೋರ್ಸ್. ಸ್ಟೀವನ್ ಆಟ್ಕಿನ್ಸನ್ ಅನ್ನುವವರು ಶುರು ಮಾಡಿದ್ದು. ಕ್ಯಾಪ್ಚರ್ ಫೈಲ್‌ಗಳು ಟೋನ್3000 ಅನ್ನುವ ಸೈಟಿನಲ್ಲಿ ರಾಶಿ ರಾಶಿ ಸಿಗುತ್ತವೆ.

ಪೆರ್ಲ ಹೈಗೇನ್:
ನ್ಯಾಮ್ ಒಳ್ಳೆಯದೇ ಅಣ್ಣ, ಇಲ್ಲ ಅನ್ನುವುದಿಲ್ಲ. ಆದರೆ ಹೊಸಬರಿಗೆ ಅದನ್ನು ಕೊಟ್ಟರೆ ಅವರು ಫೈಲ್ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತಾರೆ. ಮಾರ್ಷಲ್ ಜೆಸಿಎಂ800 ಆಂಪಿನ ನೂರು ಫೈಲ್ ಇಳಿಸಿ ನೂರನ್ನೂ ಕೇಳಿ ನೋಡುವುದು, ಕೊನೆಗೆ ಗಿಟಾರ್ ಕೈಗೆತ್ತಿಕೊಳ್ಳುವುದೇ ಇಲ್ಲ. ಇದನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ.

ನ್ಯೂರಲ್ ಡಿಎಸ್‌ಪಿ ಫಿನ್‌ಲ್ಯಾಂಡಿನ ಕಂಪನಿ. ಅವರ ಆರ್ಕಿಟೈಪ್ ಸಾಲಿನ ಪ್ಲಗಿನ್ ತೆರೆದರೆ ಟ್ಯೂನರ್, ಗೇಟ್, ಪೆಡಲ್, ಆಂಪ್, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ), ಡಿಲೇ, ರಿವರ್ಬ್ ಎಲ್ಲ ಒಂದೇ ಕಡೆ ಇರುತ್ತದೆ. ಆರಿಸಿಟ್ಟ ಕೆಲವೇ ಆಂಪ್, ಆದರೆ ಒಂದೊಂದೂ ಚೊಕ್ಕ. ಕ್ಲೀನ್ ಬೇಕಾದರೆ ಗಿಟಾರಿಸ್ಟ್ ಕೋರಿ ವಾಂಗ್ ಹೆಸರಿನದ್ದು ಕೇಳಿ. ಗಡಸು ಬೇಕಾದರೆ ಗೊಜಿರಾ ಬ್ಯಾಂಡಿನ ಹೆಸರಿನದ್ದು ಉಂಟು. 14 ದಿನ ಪೂರ್ತಿ ಬಳಸಿ ನೋಡಲು ಬಿಡುತ್ತಾರೆ. ಲೈಸೆನ್ಸಿಗೆ ಐಲಾಕ್ ಖಾತೆ ಬೇಕು, ಡಾಂಗಲ್ ಅನ್ನುವ ಯುಎಸ್‌ಬಿ ಕೀಲಿ ಬೇಡ. ತಂತಿ ಮುಟ್ಟಿದ ಕೂಡಲೇ ನುಡಿಸುವ ಮನಸ್ಸು ಬರಬೇಕು. ಅದು ನನಗೆ ಇದರಲ್ಲಿ ಸಿಗುತ್ತದೆ. ಟೋನ್ ಚೆನ್ನಾಗಿದ್ದರೆ ಕೈಯೂ ಚೆನ್ನಾಗಿ ಓಡುತ್ತದೆ ಅಲ್ವಾ?

ಬೇಳ ಕ್ವಾಯರ್ ಗಿಟಾರ್:
ಓಡುತ್ತದೆ, ಆದರೆ ಲೇಟೆನ್ಸಿ, ಅಂದರೆ ತಂತಿ ಮೀಟಿದ್ದು ಕಿವಿಗೆ ಬರುವ ವಿಳಂಬ, ಕಮ್ಮಿ ಇದ್ದರೆ ಮಾತ್ರ. ಪ್ಲಗಿನ್ ಯಾವುದು ಅಂತ ಕೇಳುವ ಮೊದಲು ಇದನ್ನು ಸರಿ ಮಾಡಿಕೊಳ್ಳಿ ತಮ್ಮ.

ರೀಪರ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ, ವಿಳಂಬ ಕಮ್ಮಿ ಮಾಡುವ ಎಎಸ್‌ಐಒ ಡ್ರೈವರ್ ಆರಿಸಿ. ವಿಂಡೋಸಿನ ಸಾಮಾನ್ಯ ಡ್ರೈವರ್ ಬೇಡ. ಕಂಪನಿ ಡ್ರೈವರ್ ಇಲ್ಲದಿದ್ದರೆ ಮಾತ್ರ ಎಎಸ್‌ಐಒ4ಆಲ್. ಸ್ಯಾಂಪಲ್ ರೇಟ್ ಸೆಕೆಂಡಿಗೆ 48,000, ಒಮ್ಮೆಗೆ ಸಾಗಿಸುವ ಬಫರ್ 128 ಸ್ಯಾಂಪಲ್ ಇಟ್ಟರೆ ಒಂದು ಬಫರಿಗೆ 2.7 ಮಿಲಿಸೆಕೆಂಡ್ ಆಗುತ್ತದೆ. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ಜೊತೆಗೆ ಡ್ರೈವರ್ ತೆಗೆದುಕೊಳ್ಳುವ ಸಮಯ. ಒಟ್ಟು 8–10 ಮಿಲಿಸೆಕೆಂಡ್ ಒಳಗೆ ಬಂದರೆ ಆರಾಮ. ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಆಂಪ್ ಮೂರು ಮೀಟರ್ ಆಚೆ ಇಟ್ಟು ನುಡಿಸಿದ ಹಾಗೆ, ಅಷ್ಟೇ. ಬಫರ್ 512 ಮಾಡಿದರೆ ಸ್ಟ್ರಮ್ಮಿಂಗ್ ತಾಳ ಬಿಟ್ಟು ಹೋಗುತ್ತದೆ.

ಕ್ವಾಯರಿನಲ್ಲಿ ನಾನು ನುಡಿಸುವುದು ಪೂರ್ತಿ ಕ್ಲೀನ್. ಫೆಂಡರ್ ಟ್ವಿನ್ ರಿವರ್ಬಿನ ಒಂದು ನ್ಯಾಮ್ ಕ್ಯಾಪ್ಚರ್, ಸ್ಪೀಕರ್, ಮೈಕಿನ ಸದ್ದು ಹಿಡಿದಿಟ್ಟ ಒಂದು ಒಳ್ಳೆ ಐಆರ್ ಫೈಲ್, ಮೇಲಿಂದ ಸ್ವಲ್ಪ ಪ್ಲೇಟ್ ರಿವರ್ಬ್. ಕೊಂಕಣಿ ಭಕ್ತಿಗೀತೆಗೂ ಅದೇ, ಕನ್ನಡ ಹಾಡಿಗೂ ಅದೇ. ಗಾಯಕರ ಸ್ವರದ ಕೆಳಗೆ ಹಿತವಾಗಿ ಕೂರುತ್ತದೆ.

ಪೆರ್ಲ ಹೈಗೇನ್:
ಅಕ್ಕ, 128ರಲ್ಲಿ ಹಳೆಯ ಐ5 ಪಟಪಟ ಅನ್ನುವುದಿಲ್ಲವೇ?

ಬೇಳ ಕ್ವಾಯರ್ ಗಿಟಾರ್:
ಒಂದು ಟ್ರ್ಯಾಕಿಗೆ ಒಂದು ನ್ಯಾಮ್ ಆದರೆ ನಡೆಯುತ್ತದೆ. ತಡೆಯದಿದ್ದರೆ ಅದರಲ್ಲೇ ಲೈಟ್, ಫೆದರ್, ನ್ಯಾನೋ ಅಂತ ಸಣ್ಣ ಮಾಡೆಲ್‌ಗಳು ಇವೆ, ಸಿಪಿಯು ಕಮ್ಮಿ ಸಾಕು. ಮತ್ತೆ, ನುಡಿಸಿ ಮುಗಿದ ಟ್ರ್ಯಾಕನ್ನು ಫ್ರೀಜ್ ಮಾಡಬೇಕು, ಅಂದರೆ ಪ್ಲಗಿನ್ನಿನ ಸದ್ದನ್ನು ಆಡಿಯೋ ಆಗಿಯೇ ಬರೆದಿಡಬೇಕು. ಮಿಕ್ಸ್ ಮಾಡುವಾಗ ಬಫರ್ 1024ಕ್ಕೆ ಏರಿಸಿದರೂ ನಷ್ಟ ಇಲ್ಲ.

ನೀರ್ಚಾಲು ಮಾಷ್ಟ್ರು:
ವಿಂಡೋಸ್ ಮಾತ್ರ ಯಾಕೆ? ನಮ್ಮ ಕಾಸರಗೋಡು ಜಿಲ್ಲೆಯ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಲಿನಕ್ಸ್. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಸ್ವತಂತ್ರ ತಂತ್ರಾಂಶ, ಈಗ ಅದರ ಜಾಗದಲ್ಲಿ ಬಂದ ಕೈಟ್ ಸಂಸ್ಥೆಯದು. ಕನ್ನಡ ಮಾಧ್ಯಮದಲ್ಲೂ ಅದೇ. ಹತ್ತನೇ ಕ್ಲಾಸಿನ ಹುಡುಗರಿಗೆ ಉಬುಂಟು ಹೊಸತಲ್ಲ.

ಲಿನಕ್ಸಿನಲ್ಲಿ ಗಿಟಾರಿಕ್ಸ್ ಅನ್ನುವ ಪುಕ್ಕಟೆ ಆಂಪ್ ಸಾಫ್ಟ್‌ವೇರ್ ಇದೆ. ರೆಕಾರ್ಡಿಂಗಿಗೆ ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್. ನ್ಯಾಮ್‌ಗೆ ಲಿನಕ್ಸಿನಲ್ಲಿ ನಡೆಯುವ ಎಲ್‌ವಿ2 ನಮೂನೆಯ ಪ್ಲಗಿನ್ ಸಿಗುತ್ತದೆ. ರೀಪರ್‌ನ ಲಿನಕ್ಸ್ ಆವೃತ್ತಿಯೂ ಇದೆ. ಹಳೆಯ ಲ್ಯಾಪ್‌ಟಾಪಿಗೆ ಇದು ಹಗುರ. ಆಂಪ್ಲಿಟ್ಯೂಬ್, ನ್ಯೂರಲ್ ಡಿಎಸ್‌ಪಿ ಬೇಕಾದವರಿಗೆ ಮಾತ್ರ ಈ ದಾರಿ ಆಗದು, ಅವುಗಳ ಲಿನಕ್ಸ್ ಆವೃತ್ತಿ ಇಲ್ಲ. ದುಡ್ಡಿಲ್ಲದ ಮಕ್ಕಳು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇಳಿಸಿ ವೈರಸ್ ತಂದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಇದನ್ನು ಶಾಲೆಯ ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ, ಇಲ್ಲಿಯೂ ಹೇಳುತ್ತೇನೆ.

ಕುಂಬಳೆ ಆರುತಂತಿ:
ತುಂಬಾ ಧನ್ಯವಾದ ಮಾಷ್ಟ್ರೇ, ಅಕ್ಕ, ಅಣ್ಣಂದಿರೇ. ನ್ಯಾಮ್ ಹಾಕಿದೆ. ನ್ಯೂರಲ್ ಡಿಎಸ್‌ಪಿ ಟ್ರಯಲ್ ಕೂಡ ಹಾಕಿದೆ. ಕ್ಲೀನ್ ಚೆನ್ನಾಗಿದೆ. ಕ್ರಂಚ್‌ಗೆ ಹೋದರೆ ಎರಡರಲ್ಲೂ ಒಂದು ಗುಂಯ್ ಅನ್ನುವ ಶಬ್ದ. ಸಂಜೆ ಕರೆಂಟು ಹೋಗಿ ಇನ್ವರ್ಟರಿಗೆ ಬಂದಾಗ ಅದು ಇನ್ನೂ ಜಾಸ್ತಿ, ಕರಕರ ಅನ್ನುತ್ತದೆ. ಸಾಫ್ಟ್‌ವೇರ್ ಸಮಸ್ಯೆಯಾ?

ಮುಳ್ಳೇರಿಯ ವಯರಿಂಗ್:
ಸಾಫ್ಟ್‌ವೇರಿಗೆ ಸಂಬಂಧವೇ ಇಲ್ಲ. ಇದು ನನ್ನ ಕೆಲಸದ ವಿಷಯ, ಬಿಡಿಸಿ ಹೇಳುತ್ತೇನೆ.

ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಆಂಟೆನಾವೇ. ಮನೆಯ ವಯರಿಂಗಿನ 50 ಹರ್ಟ್ಸ್ ಗುಂಯ್ ಅನ್ನು ಅದು ಹಿಡಿಯುತ್ತದೆ. ಗೇನ್ ಏರಿಸಿದರೆ ಗಿಟಾರಿನ ಜೊತೆ ಅದೂ ಏರುತ್ತದೆ. ಇನ್ವರ್ಟರ್ ಸ್ಕ್ವೇರ್ ವೇವ್ ನಮೂನೆಯದಾದರೆ 50ರ ಜೊತೆಗೆ 150, 250, 350 ಅಂತ ಮೇಲಿನವೂ ಜೋರಾಗಿ ಬರುತ್ತವೆ. ಕರಕರ ಅಂತ ಕೇಳುವುದು ಅದೇ. ಸೈನ್ ವೇವ್ ಇನ್ವರ್ಟರಿನಲ್ಲಿ ಇದು ತುಂಬಾ ಕಮ್ಮಿ.

ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನುಡಿಸಿ ನೋಡಿ. ಶಬ್ದ ಬಿದ್ದರೆ ಚಾರ್ಜರ್ ಕಾರಣ. ಎರಡು ಪಿನ್ನಿನ ಚಾರ್ಜರ್‌ಗೆ ಅರ್ತ್ ಇರುವುದಿಲ್ಲ. ಮೂರು ಪಿನ್ ಇದ್ದರೂ ಹಳೆಯ ಮನೆಗಳಲ್ಲಿ ಪಾಯಿಂಟಿಗೆ ಅರ್ತ್ ವಯರ್ ಎಳೆದಿರುವುದೇ ಇಲ್ಲ. ಆಮೇಲೆ ಫ್ಯಾನ್. ಇಲೆಕ್ಟ್ರಾನಿಕ್ ರೆಗ್ಯುಲೇಟರ್ ಅರ್ಧ ಸ್ಪೀಡಿನಲ್ಲಿ ಇದ್ದರೆ ಝುಂಯ್ ಅನ್ನುತ್ತದೆ. ಪೂರ್ತಿ ಸ್ಪೀಡ್ ಇಡಿ ಅಥವಾ ಆಫ್ ಮಾಡಿ. ಕೆಲವು ಎಲ್‌ಇಡಿ ಬಲ್ಬಿನದ್ದೂ ಇದೇ ಕಥೆ. ಕೊನೆಗೆ ಗಿಟಾರ್ ಹಿಡಿದು ಕುರ್ಚಿಯಲ್ಲೇ ಮೆಲ್ಲ ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ತುಂಬಾ ಕಮ್ಮಿ ಆಗುತ್ತದೆ. ಆ ದಿಕ್ಕಿಗೆ ಮುಖ ಮಾಡಿ ಕೂತು ರೆಕಾರ್ಡ್ ಮಾಡಿ. ಸ್ಟ್ರಾಟಿನಲ್ಲಿ ಐದು ಸ್ಥಾನದ ಸ್ವಿಚ್ ಇದ್ದರೆ 2 ಮತ್ತು 4 ಹಾಕಿ ನೋಡಿ. ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದಾದರೆ ಅಲ್ಲಿ ಗುಂಯ್ ತನ್ನಿಂದ ತಾನೇ ರದ್ದಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಂಯ್ ಹೋಗಲಿ ಅಂತ ಯಾರೂ ಅರ್ತ್ ಪಿನ್ ಮುರಿಯಬೇಡಿ. ಗಿಟಾರಿನ ತಂತಿ ಅರ್ತಿಗೆ ಸೇರಿರುತ್ತದೆ, ನಿಮ್ಮ ಕೈ ತಂತಿಯ ಮೇಲೆ ಇರುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲ, ಬರಿಗಾಲು. ಇದು ಜೀವದ ಪ್ರಶ್ನೆ.

ಉಪ್ಪಳ ಮಿಕ್ಸಿಂಗ್:
ವಯರಿಂಗ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಇಷ್ಟೆಲ್ಲ ಮಾಡಿ ಉಳಿದದ್ದಕ್ಕೆ ಮಾತ್ರ ನಾಯ್ಸ್ ಗೇಟ್, ಅಂದರೆ ನುಡಿಸದಾಗ ಸದ್ದು ಮುಚ್ಚುವ ಎಫೆಕ್ಟ್. ಗೇಟ್ ಜೋರಾಗಿ ಹಾಕಿದರೆ ಸ್ವರದ ಬಾಲ ಕತ್ತರಿಸಿ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಇನ್‌ಪುಟ್ ಲೆವೆಲ್. ಅರ್ಧ ಜಗಳ ಇದರಿಂದಲೇ ಬರುವುದು. ಗಿಟಾರ್ ಕೇಬಲ್ಲನ್ನು ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೇ ಹಾಕಬೇಕು. ಹೈ-ಝಡ್ ಅಂತ ಅಥವಾ ಗಿಟಾರಿನ ಚಿತ್ರ ಇರುತ್ತದೆ. ಲೈನ್‌ಗೆ ಹಾಕಿದರೆ ಟೋನ್ ಮಂಕಾಗುತ್ತದೆ, ಆಮೇಲೆ ಯಾವ ಪ್ಲಗಿನ್ ಹಾಕಿದರೂ ಹೊಳಪು ಬರುವುದಿಲ್ಲ.

ಎರಡನೆಯದು, ಆಂಪಿನ ಮಾಡೆಲ್ ಇಂತಿಷ್ಟು ವೋಲ್ಟೇಜ್ ಬರುತ್ತದೆ ಅಂತ ಲೆಕ್ಕ ಹಾಕಿರುತ್ತದೆ. ಒಂದು ಇಂಟರ್‌ಫೇಸ್ 8 ಡಿಬಿಯುಗೆ (ಸಿಗ್ನಲ್ ವೋಲ್ಟೇಜಿನ ಅಳತೆ) ತುಂಬುತ್ತದೆ, ಇನ್ನೊಂದು 14ಕ್ಕೆ ಅಂತ ಇಟ್ಟುಕೊಳ್ಳಿ. ಅದೇ ಗಿಟಾರ್, ಅದೇ ಕೈ, ಆದರೆ ಪ್ಲಗಿನ್ನಿಗೆ ಹೋಗುವ ಸಿಗ್ನಲ್‌ನಲ್ಲಿ 6 ಡಿಬಿ ವ್ಯತ್ಯಾಸ. ಅಂದರೆ ಎರಡು ಪಟ್ಟು. ಒಬ್ಬನಿಗೆ ಕ್ಲೀನ್, ಇನ್ನೊಬ್ಬನಿಗೆ ಅದೇ ಪ್ರಿಸೆಟ್ಟಿನಲ್ಲಿ ಒಡೆದ ಸ್ವರ. ಆಮೇಲೆ ಇಬ್ಬರೂ ಈ ಸಾಫ್ಟ್‌ವೇರ್ ಸರಿಯಿಲ್ಲ ಅನ್ನುತ್ತಾರೆ. ಇಂಟರ್‌ಫೇಸಿನ ಮ್ಯಾನುಯಲ್ ತೆರೆದು ಇನ್‌ಸ್ಟ್ರುಮೆಂಟ್ ಇನ್‌ಪುಟ್ ಗರಿಷ್ಠ ಲೆವೆಲ್ ಎಷ್ಟು ಡಿಬಿಯು ಅಂತ ನೋಡಿ. ಅದು ಹೆಚ್ಚಾಗಿ ಗೇನ್ ನಾಬ್ ಪೂರ್ತಿ ಕೆಳಗೆ ಇದ್ದಾಗಿನ ಅಂಕಿ. ನ್ಯಾಮ್‌ನ ಹೊಸ ಆವೃತ್ತಿಯಲ್ಲಿ ಈ ಅಂಕಿ ಕೊಡಲು ಜಾಗವೇ ಇದೆ. ಗೇನ್ ಪೂರ್ತಿ ಕೆಳಗಿಟ್ಟು, ಅಂಕಿ ತುಂಬಿ, ಆಮೇಲೆ ನುಡಿಸಿ ನೋಡಿ. ಕ್ಯಾಪ್ಚರ್ ಮಾಡಿದವರೂ ತಮ್ಮ ಅಂಕಿ ಬರೆದಿದ್ದರೆ ಮಾತ್ರ ಇದು ಪೂರ್ತಿ ಫಲ ಕೊಡುತ್ತದೆ.

ಪೆರ್ಲ ಹೈಗೇನ್:
ಇಷ್ಟು ಲೆಕ್ಕ ಮಾಡಿಯೂ ನ್ಯಾಮ್ ಮತ್ತು ನ್ಯೂರಲ್ ಡಿಎಸ್‌ಪಿ ಒಂದೇ ಅಂತ ಒಪ್ಪಲಾರೆ. ಕೇಳಿದರೆ ನನಗೆ ಗೊತ್ತಾಗುತ್ತದೆ.

ಬೇಳ ಕ್ವಾಯರ್ ಗಿಟಾರ್:
ಹಾಗಾದರೆ ಕೇಳಿಯೇ ನೋಡೋಣ. ಒಂದೇ ಸಲ ನುಡಿಸಿದ ಡಿಐ, ಅಂದರೆ ಆಂಪ್ ಸದ್ದು ಸೇರದ ನೇರ ಗಿಟಾರ್ ಟ್ರ್ಯಾಕ್, ಮಾರ್ಷಲ್ ನಮೂನೆಯ ಕ್ರಂಚ್. ನಾಲ್ಕು ಕ್ಲಿಪ್ ಹಾಕಿದ್ದೇನೆ: ಅ, ಆ, ಇ, ಈ. ನಾಲ್ಕರ ಜೋರು ಕೂಡ ಮೀಟರ್ ನೋಡಿ ಸಮ ಮಾಡಿದ್ದೇನೆ. ಯಾಕೆಂದರೆ ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ಒಪ್ಪಿಬಿಡುತ್ತದೆ. ಹೆಡ್‌ಫೋನ್ ಹಾಕಿ ಕೇಳಿ. ಯಾವುದು ಇಷ್ಟ, ಯಾವುದು ಯಾವ ಸಾಫ್ಟ್‌ವೇರ್, ಬರೆಯಿರಿ.

ಕುಂಬಳೆ ಆರುತಂತಿ:
ಅ, ಆ, ಇ ಮೂರೂ ಅಕ್ಕತಂಗಿಯರ ಹಾಗೆ ಕೇಳುತ್ತವೆ. ಈ ಅನ್ನುವ ಕ್ಲಿಪ್ ಮಾತ್ರ ಬೇರೆ. ಅದು ಸ್ವಲ್ಪ ಕತ್ತಲು, ದಪ್ಪ. ತಂಗಿಗೆ ಅದೇ ಇಷ್ಟವಾಯಿತು.

ಪೆರ್ಲ ಹೈಗೇನ್:
ಈ ಅನ್ನುವುದು ನ್ಯೂರಲ್ ಡಿಎಸ್‌ಪಿ. ಅ ನ್ಯಾಮ್. ಉಳಿದೆರಡು ಆಂಪ್ಲಿಟ್ಯೂಬ್, ಟೋನೆಕ್ಸ್ ಇರಬೇಕು.

ಉಪ್ಪಳ ಮಿಕ್ಸಿಂಗ್:
ಅ, ಈ ಅನ್ನುವ ಎರಡು ಕ್ಲಿಪ್‌ಗಳಲ್ಲೂ ಪಿಕ್ ತಾಗುವ ಸದ್ದು ಒಂದೇ ಥರ. ಇವು ಒಂದೇ ಆಂಪ್ ಅನ್ನಿಸುತ್ತದೆ, ಸ್ಪೀಕರ್ ಬೇರೆ.

ಬೇಳ ಕ್ವಾಯರ್ ಗಿಟಾರ್:
ಉಪ್ಪಳ ಅಣ್ಣನ ಕಿವಿ ಸರಿ ಹಿಡಿಯಿತು. ಅ ನ್ಯಾಮ್. ಆ ಅಂದರೆ ನ್ಯೂರಲ್ ಡಿಎಸ್‌ಪಿ. ಇ ಅಂದರೆ ಆಂಪ್ಲಿಟ್ಯೂಬ್. ಮೊದಲ ಮೂರರಲ್ಲೂ ಅವುಗಳ ಸ್ವಂತ ಕ್ಯಾಬಿನೆಟ್ ತೆಗೆದು ಒಂದೇ ಐಆರ್ ಹಾಕಿದ್ದೆ. ವಿಂಟೇಜ್ 30 ಸ್ಪೀಕರ್, ಎದುರು ಎಸ್‌ಎಂ57 ಮೈಕ್. ನಾಲ್ಕನೆಯ ಕ್ಲಿಪ್ ಮೊದಲನೆಯದೇ ನ್ಯಾಮ್, ಅದೇ ಫೈಲ್. ಐಆರ್ ಮಾತ್ರ ಬೇರೆ. ಅದೇ ಮೈಕನ್ನು ಕೋನಿನ ನಡುವಿನಿಂದ ಅಂಚಿಗೆ ಸರಿಸಿ ತೆಗೆದದ್ದು.

ಆಂಪ್ ಸಾಫ್ಟ್‌ವೇರ್ ಬದಲಿಸಿದಾಗ ಆಗದ ವ್ಯತ್ಯಾಸ ಮೈಕ್ ಸ್ವಲ್ಪ ಸರಿದಾಗ ಆಯಿತು. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸಿನ ಮೇಲೆ ಹೆಚ್ಚು ಶಬ್ದ ಕೊಡುವುದೇ ಇಲ್ಲ. ಆಂಪಿನಿಂದ ಬರುವ ಕರ್ಕಶವನ್ನೆಲ್ಲ ಸೋಸುವುದು ಅದೇ. ಐಆರ್ ಅಂದರೆ ಆ ಸ್ಪೀಕರ್, ಆ ಮೈಕ್, ಮೈಕ್ ಇಟ್ಟ ಜಾಗ, ಎಲ್ಲ ಸೇರಿದ ಒಂದು ಪುಟ್ಟ ವೇವ್ ಫೈಲ್. ಸೆಕೆಂಡಿನ ಸಣ್ಣ ಭಾಗದಷ್ಟು ಉದ್ದ, ಅಷ್ಟೇ. ಹೊಸಬರು ಇದಕ್ಕೆ ಸಮಯ ಕೊಡುವುದಿಲ್ಲ ಅಂತ ನನಗೆ ನಿಜವಾಗಿಯೂ ಬೇಜಾರು. ಎಂಟು ಸಾವಿರ ರೂಪಾಯಿಯ ಪ್ಲಗಿನ್ ತೆಗೆದುಕೊಂಡು ಅದರ ಕ್ಯಾಬಿನೆಟ್ ಪುಟ ಒಮ್ಮೆಯೂ ತೆರೆಯದವರು ಇದ್ದಾರೆ.

ಪೆರ್ಲ ಹೈಗೇನ್:
ಕೇಳುವುದರಲ್ಲಿ ಒಪ್ಪಿದೆ ಅಕ್ಕ. ಆದರೆ ನುಡಿಸುವವನ ಕೈಗೆ ಸಿಗುವುದು ಬೇರೆ. ಮೆಲ್ಲ ನುಡಿಸಿದರೆ ಕ್ಲೀನ್, ಜೋರಾಗಿ ನುಡಿಸಿದರೆ ಕ್ರಂಚ್, ಗಿಟಾರಿನ ವಾಲ್ಯೂಮ್ ಇಳಿಸಿದರೆ ಮತ್ತೆ ಕ್ಲೀನ್. ಅದು ಮುಗಿದ ಕ್ಲಿಪ್ಪಿನಲ್ಲಿ ಕಾಣದು. ಹಾಡು ಕಟ್ಟುವಾಗ ನಾನು ಪ್ರತಿ ಸಾಲಿಗೂ ಗೇನ್ ನಾಬ್ ತಿರುಗಿಸುತ್ತೇನೆ. ಕ್ಯಾಪ್ಚರ್‌ನಲ್ಲಿ ಅದಾಗುವುದಿಲ್ಲ. ನನ್ನಂಥವರಿಗೆ ನಾಬ್ ಇರುವ ಸಾಫ್ಟ್‌ವೇರೇ ಬೇಕು.

ಉಪ್ಪಳ ಮಿಕ್ಸಿಂಗ್:
ಅದು ನ್ಯಾಯವಾದ ಮಾತು. ಟೋನ್ ಮೊದಲೇ ಮನಸ್ಸಿನಲ್ಲಿ ಇದ್ದವರಿಗೆ ಕ್ಯಾಪ್ಚರ್ ಒಗ್ಗುತ್ತದೆ. ಹುಡುಕುತ್ತಾ ಹಾಡು ಕಟ್ಟುವವರಿಗೆ ನಾಬ್ ಬೇಕು. ಹೀಲಿಕ್ಸ್ ನೇಟಿವ್ ಆ ಮಟ್ಟಿಗೆ ಬಹಳ ಒಳ್ಳೆಯದು, ಬೆಲೆ ಮಾತ್ರ ಜಾಸ್ತಿ. ಹೀಲಿಕ್ಸ್ ಫ್ಲೋರ್ ಯೂನಿಟ್ ಇಟ್ಟುಕೊಂಡು ಸ್ಟೇಜಿನಲ್ಲಿ ನುಡಿಸುವವರು ಅದೇ ಪ್ಯಾಚನ್ನು ಮನೆಯಲ್ಲೂ ಬಳಸಬಹುದು. ಅಂಥವರಿಗೆ ಸರಿ. ಗಿಟಾರ್ ರಿಗ್‌ನಲ್ಲಿ ಆಂಪಿಗಿಂತ ಎಫೆಕ್ಟ್‌ಗಳೇ ನನಗೆ ಇಷ್ಟ. ವಿಚಿತ್ರ ಶಬ್ದ, ಹಿನ್ನೆಲೆಯ ಅಲೆ ಇಂಥದ್ದಕ್ಕೆ. ಅದರ ಪ್ಲೇಯರ್ ಆವೃತ್ತಿ ಪುಕ್ಕಟೆ. ಆಂಪ್ಲಿಟ್ಯೂಬ್, ಟೋನೆಕ್ಸ್‌ಗೂ ಪುಕ್ಕಟೆ ಸಿಎಸ್ ಆವೃತ್ತಿ ಇದೆ.

ಕುಂಬಳೆ ಆರುತಂತಿ:
ಈಗ ದಾರಿ ಸ್ಪಷ್ಟ ಆಯಿತು. ಸದ್ಯಕ್ಕೆ ನ್ಯಾಮ್, ದುಡ್ಡು ಬೇರೆ ಯಾವುದಕ್ಕೂ ಹಾಕುವುದಿಲ್ಲ. ಒಳ್ಳೆ ಐಆರ್ ಪ್ಯಾಕ್ ಒಂದು ತೆಗೆದುಕೊಳ್ಳುತ್ತೇನೆ. ಚಾರ್ಜರ್ ತೆಗೆದಾಗ ಗುಂಯ್ ಮುಕ್ಕಾಲು ಹೋಯಿತು, ವಯರಿಂಗ್ ಅಣ್ಣನಿಗೆ ದೊಡ್ಡ ನಮಸ್ಕಾರ.

ಕೊನೆಯ ಪ್ರಶ್ನೆ ಚೆಂಡೆಯ ಹಾಡಿನದು. ಚೆಂಡೆ, ಮದ್ದಳೆ ನುಡಿಸುವ ಗೆಳೆಯ ಯಕ್ಷಗಾನದವನು. ಅವನ ಮದ್ದಳೆಯ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಕೀಲಿ, ಡಿ ಶಾರ್ಪ್. ಗಿಟಾರ್ ಹೇಗೆ ಹೊಂದಿಸಲಿ? ಸ್ವರ ಏರಿಳಿಸುವ ಪ್ಲಗಿನ್ನಿನ ಟ್ರಾನ್ಸ್‌ಪೋಸ್ ಸಾಕಾ? ಚೆಂಡೆ ಬಂದ ಕೂಡಲೇ ಗಿಟಾರ್ ಮುಳುಗುತ್ತದೆ, ಅದಕ್ಕೆ ಏನು ಮಾಡುವುದು?

ಉಪ್ಪಳ ಮಿಕ್ಸಿಂಗ್:
ಟ್ರಾನ್ಸ್‌ಪೋಸ್ ಬೇಡ. ಲೇಟೆನ್ಸಿ ಕೂಡುತ್ತದೆ, ಕಾರ್ಡ್ ನುಡಿಸಿದರೆ ಸ್ವರ ಕಲಸುತ್ತದೆ. ಆರೂ ತಂತಿ ಅರ್ಧ ಸ್ವರ ಇಳಿಸಿ. ಇ ಕಾರ್ಡಿನ ಆಕಾರ ಹಿಡಿದರೆ ಕಪ್ಪು ಎರಡೇ ಬರುತ್ತದೆ. ಅಥವಾ ಮೂರನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ ಸಿ ಆಕಾರ ನುಡಿಸಿ. ಕ್ರಂಚ್‌ಗೆ ಮೊದಲನೆಯದು ಚಂದ, ತಂತಿ ಸಡಿಲಾಗಿ ದಪ್ಪ ಸ್ವರ ಬರುತ್ತದೆ. ಟ್ಯೂನರ್ ನೋಡಿದ ಮೇಲೆ ಕೂಡ ಮದ್ದಳೆಯ ಜೊತೆ ಕಿವಿಯಲ್ಲೇ ಒಮ್ಮೆ ಸರಿ ನೋಡಿ. ಅವರು ಹಾರ್ಮೋನಿಯಂ ಅಥವಾ ಶ್ರುತಿಪೆಟ್ಟಿಗೆಗೆ ಹೊಂದಿಸಿರುತ್ತಾರೆ, ಅದು ಟ್ಯೂನರಿನ 440 ಹರ್ಟ್ಸಿಗೆ ಸರಿಯಾಗಿ ಕೂರದೆಯೂ ಇರಬಹುದು.

ಗಿಟಾರ್ ಮುಳುಗುವುದಕ್ಕೆ ಗೇನ್ ಏರಿಸಬೇಡಿ, ಇಳಿಸಿ. ಗೇನ್ ಜಾಸ್ತಿಯಾದರೆ ಪೆಟ್ಟಿನ ತುದಿ ಚಪ್ಪಟೆಯಾಗುತ್ತದೆ. ಚೆಂಡೆಯ ಪೆಟ್ಟು ಎಷ್ಟು ಹರಿತ ಅಂತ ನಿಮಗೇ ಗೊತ್ತು, ಅದರ ಎದುರು ಚಪ್ಪಟೆ ಗಿಟಾರ್ ನಿಲ್ಲುವುದಿಲ್ಲ. ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ. ನಡುವೆ ಚೆಂಡೆ ಮತ್ತು ತಂಗಿಯ ಸ್ವರ ಇರಲಿ. ಗಿಟಾರಿಗೆ 70 ಹರ್ಟ್ಸಿನ ಕೆಳಗೆ ಕಟ್ ಮಾಡಿ. ಅರ್ಧ ಸ್ವರ ಇಳಿಸಿದ ಮೇಲೆ ನಿಮ್ಮ ದಪ್ಪ ತಂತಿ ಸುಮಾರು 78 ಹರ್ಟ್ಸಿಗೆ ಬರುತ್ತದೆ, ಅದಕ್ಕಿಂತ ಕೆಳಗೆ ಇರುವುದು ಬರೇ ಗದ್ದಲ. ಮೇಲೆ 7,000ದ ಹತ್ತಿರ ಕಟ್ ಮಾಡಿ. ತಂಗಿಗೆ ಇಷ್ಟವಾದ ಆ ಕತ್ತಲು ಐಆರ್ ಚೆಂಡೆಗೆ ಸರಿಯಾಗುತ್ತದೆ, ಹೊಳಪಿನ ಜಾಗ ಚೆಂಡೆಗೆ ಬಿಟ್ಟು ಕೊಡುತ್ತದೆ.

ಮುಳ್ಳೇರಿಯ ವಯರಿಂಗ್:
ಚೆಂಡೆ ರೆಕಾರ್ಡ್ ಮಾಡುವುದು ಶೀಟಿನ ಮನೆಯಲ್ಲಿ ಬೇಡ. ಅದಕ್ಕೆ ಮೈಕ್ ಬೇಕೇ ಬೇಕು.

ನೀರ್ಚಾಲು ಮಾಷ್ಟ್ರು:
ರಜೆಯ ದಿನ ನಮ್ಮ ಕಡೆ ಬನ್ನಿ. ಮನೆಗೆ ಹಂಚಿನ ಮಾಡು, ಒಳಗೆ ಮರದ ಮುಚ್ಚಿಗೆ, ದೊಡ್ಡ ಚಾವಡಿ ಉಂಟು. ಮಳೆ ಬಿಟ್ಟ ಹೊತ್ತು ನೋಡಿ ಚೆಂಡೆ ಅಲ್ಲಿ ತೆಗೆಯೋಣ.

ಕುಂಬಳೆ ಆರುತಂತಿ:
ಖಂಡಿತ ಬರುತ್ತೇವೆ ಮಾಷ್ಟ್ರೇ. ಗಿಟಾರಿನ ಡಿಐ ಫೈಲ್ ಇಲ್ಲಿಗೇ ಹಾಕುತ್ತೇನೆ, ಆಂಪ್ ಇಲ್ಲದೆ.

ಉಪ್ಪಳ ಮಿಕ್ಸಿಂಗ್:
24 ಬಿಟ್, 48,000, ವೇವ್. ಮೊದಲ ತಾಳದಿಂದಲೇ ಶುರುವಾಗಲಿ. ಬಿಪಿಎಂ (ನಿಮಿಷಕ್ಕೆ ಬೀಟ್) ಎಷ್ಟು ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ.

ಪೆರ್ಲ ಹೈಗೇನ್:
ನನಗೂ ಆ ಡಿಐ ಬೇಕು. ಚೆಂಡೆ ಬರುವ ಭಾಗಕ್ಕೆ ಗೇನ್ ಇಳಿಸಿ, ಬಿಡುವಿನಲ್ಲಿ ಏರಿಸಿ ಒಂದು ಮಿಕ್ಸ್ ಮಾಡಿ ಕಳಿಸುತ್ತೇನೆ. ತಂಗಿಗೆ ಯಾವುದು ಹಿಡಿಸುತ್ತದೋ ಅದನ್ನೇ ಇಟ್ಟುಕೊಳ್ಳಿ.